ಚುನಾವಣೆಗೆ ಮೊದಲೇ ಬಿದ್ದ ಸಹಿ

ಬೇರೆ ದೇಶದಲ್ಲಿ ದಂಗೆಯ ಬೆನ್ನಿಗೆ ಅಧಿಕಾರ ಹಿಡಿದ ಸರ್ಕಾರದೊಂದಿಗೆ, ಅಲ್ಲಿ ಚುನಾವಣೆ ನಡೆಯುವವರೆಗೆ, ಭಾರತ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳಬಾರದೆಂದು ಲೇಖನವೊಂದರಲ್ಲಿ ಲೇಖಕರು ಮಂಡಿಸಿದ ವಾದವನ್ನು ಗೋವಾದ ವಾಸ್ಕೋದಲ್ಲಿ ನೆಲೆಸಿರುವ ಕನ್ನಡಿಗನಾಗಿ ನಾನು ಒಪ್ಪಲಾರೆ. 1961ರಲ್ಲಿ ಗೋವಾ ವಿಮೋಚನೆಗೊಂಡರೂ ಪೋರ್ಚುಗಲ್ ರಾಜಧಾನಿ ಲಿಸ್ಬನ್ನಿನ ಸರ್ವಾಧಿಕಾರಿ ಆಡಳಿತ ಅದನ್ನು ಕಡೆಯವರೆಗೂ ಮಾನ್ಯ ಮಾಡಲಿಲ್ಲ. ಮಾಡಿದ್ದು, 1974ರ ಏಪ್ರಿಲ್ 25ರಂದು ಸೇನೆಯ ಕಿರಿಯ ಅಧಿಕಾರಿಗಳು ಆ ಆಡಳಿತವನ್ನು ಉರುಳಿಸಿ, ಜನರೂ ಬೀದಿಗಿಳಿದು ಅವರ ಬೆನ್ನಿಗೆ ನಿಂತ ಮೇಲೆ ಬಂದ ತಾತ್ಕಾಲಿಕ ಸರ್ಕಾರ. ಗೋವಾದ ಮೇಲೆ ಭಾರತದ ಸಾರ್ವಭೌಮತ್ವವನ್ನು ಒಪ್ಪಿದ ಒಪ್ಪಂದಕ್ಕೆ ದೆಹಲಿಯಲ್ಲಿ ಸಹಿ ಬಿದ್ದದ್ದು ಅದೇ ವರ್ಷದ ಡಿಸೆಂಬರ್ 31ರಂದು. ಪೋರ್ಚುಗಲ್ಲಿನಲ್ಲಿ ಸಂವಿಧಾನ ಸಭೆಗೆ ಚುನಾವಣೆ ನಡೆದದ್ದು 1975ರ ಏಪ್ರಿಲ್‌ನಲ್ಲಿ! ಲೇಖಕರ ನಿಯಮವನ್ನು ಇಂದಿರಾ ಗಾಂಧಿಯವರ ಸರ್ಕಾರ ಪಾಲಿಸಿದ್ದರೆ ಆ ಸಹಿ ಇನ್ನೂ ಕಾಯಬೇಕಾಗುತ್ತಿತ್ತು.

ವ್ಯವಹಾರ ಬೇರೆ, ಪಕ್ಷ ವಹಿಸುವುದು ಬೇರೆ ಎಂಬುದನ್ನು ಮಾತ್ರ ಒಪ್ಪುತ್ತೇನೆ. 1976ರ ಮಧ್ಯದೊಳಗೆ ಅಲ್ಲಿ ಆರು ತಾತ್ಕಾಲಿಕ ಸರ್ಕಾರಗಳು ಬಂದುಹೋದವು. ನಾವು ಯಾವುದೋ ಒಂದು ಬಣದ ಬಾಲ ಹಿಡಿದಿದ್ದರೆ ಅದರೊಂದಿಗೇ ಮುಳುಗುತ್ತಿದ್ದೆವು. 2024ರಲ್ಲಿ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ದಂಗೆಯಿಂದ ಪದಚ್ಯುತರಾದಾಗ ಢಾಕಾದಲ್ಲಿ ನಮಗಾದ ಮುಜುಗರಕ್ಕೂ, ನನ್ನ ದೃಷ್ಟಿಯಲ್ಲಿ, ಹೊಸಬರನ್ನು ಬೇಗ ಒಪ್ಪಿದ್ದು ಕಾರಣವಲ್ಲ (ಅಲ್ಲಿನ ತಾತ್ಕಾಲಿಕ ಸರ್ಕಾರದ ಮುಖ್ಯಸ್ಥರಾಗಿ ಮುಹಮ್ಮದ್ ಯೂನುಸ್ ಪ್ರಮಾಣವಚನ ಸ್ವೀಕರಿಸಿದ ದಿನವೇ ನಮ್ಮ ಪ್ರಧಾನಿ ಶುಭ ಕೋರಿದ್ದರು), ಹಸೀನಾ ಅವರೊಬ್ಬರನ್ನೇ ಅಷ್ಟು ವರ್ಷ ನೆಚ್ಚಿಕೊಂಡಿದ್ದೇ ಕಾರಣ.