ಟೈಲರ್ ಪುಸ್ತಕದಲ್ಲಿ ನನ್ನ ತಲೆ

ನನ್ನ ತಲೆಯ ಸುತ್ತಳತೆ 61 ಸೆಂಟಿಮೀಟರ್. ಇದು ನನಗೆ ಗೊತ್ತಾಗಿದ್ದು ಐವತ್ತೊಂದನೇ ವಯಸ್ಸಿನಲ್ಲಿ, ಮೈಸೂರಿನ ಕುವೆಂಪುನಗರದ ಬ್ಲೌಸ್ ಟೈಲರ್ ಅಂಗಡಿಯಲ್ಲಿ.

ಅಲ್ಲಿಯವರೆಗೆ ಹೆಲ್ಮೆಟ್ ಅಂದರೆ ನನ್ನ ಪಾಲಿಗೆ ಪೊಲೀಸರಿಗೆ ತೋರಿಸುವ ವಸ್ತು. ಡಿಎಲ್ ಇದ್ದ ಹಾಗೆ, ಇನ್ಶೂರೆನ್ಸ್ ಇದ್ದ ಹಾಗೆ. ರಸ್ತೆ ಬದಿ ಟಾರ್ಪಾಲ್ ಹಾಸಿ ಮಾರುತ್ತಿದ್ದವನ ಹತ್ತಿರ 300 ಹೇಳಿದ್ದನ್ನು 220ಕ್ಕೆ ಇಳಿಸಿ, ನನಗೊಂದು ನನ್ನ ಹೆಂಡತಿಗೊಂದು ತಂದಿದ್ದೆ. ಕಿವಿ ಮುಚ್ಚುವುದಿಲ್ಲ, ಗದ್ದ ಮುಚ್ಚುವುದಿಲ್ಲ, ತೆಂಗಿನ ಚಿಪ್ಪು ಕವುಚಿದ ಹಾಗೆ ನೆತ್ತಿ ಮೇಲೆ ಕೂರುತ್ತಿತ್ತು. ಹಿಂದೆ ಐಎಸ್‌ಐ ಸ್ಟಿಕ್ಕರ್ ಇತ್ತು. ಮೊದಲ ಮಳೆಗೆ ಅದು ನನ್ನ ಹೆಬ್ಬೆರಳಿಗೆ ಅಂಟಿಕೊಂಡು ಬಂತು. ಅವತ್ತಿನ ಮಟ್ಟಿಗೆ ಐಎಸ್‌ಐ ಗುಣಮಟ್ಟ ಇದ್ದದ್ದು ನನ್ನ ಹೆಬ್ಬೆರಳಿಗೆ ಮಾತ್ರ.

ಒಂದು ಭಾನುವಾರ ಬೆಳಿಗ್ಗೆ ಹೋಟೆಲ್ ಮುಂದೆ ಬೈಕ್ ನಿಲ್ಲಿಸಿ ಹೆಲ್ಮೆಟನ್ನು ಕನ್ನಡಿಗೆ ನೇತುಹಾಕಿದ್ದೆ. ಕಾಫಿ ಕುಡಿದು ಬರುವಷ್ಟರಲ್ಲಿ ಅದು ಜಾರಿ ಕೆಳಗೆ ಬಿದ್ದಿತ್ತು. ಬಿದ್ದ ಎತ್ತರ ಮೂರೂವರೆ ಅಡಿ. ಒಳಗೆ ತಲೆ ಇರಲಿಲ್ಲ. ಆದರೂ ಹಣೆಯಿಂದ ಹಿಂದಿನವರೆಗೆ ಬಾಯಿ ಬಿಟ್ಟುಕೊಂಡಿತ್ತು. ಬಿರುಕಿನಲ್ಲಿ ಇಣುಕಿ ನೋಡಿದೆ. ಥರ್ಮೋಕೋಲ್ ಇರಬೇಕಾದ ಜಾಗದಲ್ಲಿ ದೋಸೆಯಷ್ಟು ದಪ್ಪದ ಸ್ಪಂಜು. ಸೆಟ್ ದೋಸೆ ಅಂದುಕೊಳ್ಳಬೇಡಿ, ಪೇಪರ್ ದೋಸೆ.

ಮನೆಗೆ ತಂದು ತೋರಿಸಿದೆ. ಮಗ ಇಂಜಿನಿಯರಿಂಗ್ ಓದುತ್ತಾನೆ, ಹಾಗಾಗಿ ಊಟದ ಜೊತೆಗೆ ಪಾಠವೂ ಬಂತು. ಹೊರಗಿನ ಚಿಪ್ಪು ಏಟನ್ನು ಹರಡುತ್ತದಂತೆ. ಒಳಗಿನ ಗಟ್ಟಿ ಥರ್ಮೋಕೋಲ್ ತಾನು ನಜ್ಜುಗುಜ್ಜಾಗಿ ತಲೆಯನ್ನು ಉಳಿಸುತ್ತದಂತೆ. ಒಂದು ಸಲ ನಜ್ಜಿದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ, ಆದ್ದರಿಂದ ಒಮ್ಮೆ ಜೋರಾಗಿ ಏಟು ತಿಂದ ಹೆಲ್ಮೆಟ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಕಸಕ್ಕೇ. "2021ರ ಜೂನ್ 1ರಿಂದ ಐಎಸ್‌ಐ ಇಲ್ಲದ ಹೆಲ್ಮೆಟ್ ಮಾರೋದೇ ತಪ್ಪು ಅಪ್ಪಾ. ಐಎಸ್ 4151 ಅಂತ ನಂಬರ್ ಇರ್ಬೇಕು. ಮೊದಲು ನಿಮ್ ತಲೆ ಅಳತೆ ತಗೊಳ್ಳಿ, ಹುಬ್ಬಿನಿಂದ ಒಂದು ಬೆರಳು ಮೇಲೆ."

ಮನೆಯಲ್ಲಿ ಟೇಪು ಎಲ್ಲಿದೆ? ಇದ್ದದ್ದು ಗೋಡೆ ಅಳೆಯುವ ಕಬ್ಬಿಣದ ಟೇಪು. ಅದನ್ನು ತಲೆಗೆ ಸುತ್ತಲು ಹೋಗಿ, ಅದು ಸರ್ರನೆ ವಾಪಸ್ ಸುತ್ತಿಕೊಂಡು ಕಿವಿ ಹತ್ತಿರ ಗೀರಿತು. ಸುರಕ್ಷತೆಯ ದಾರಿಯಲ್ಲಿ ನನಗಾದ ಮೊದಲ ಗಾಯ. "ರೀ, ಹೇಗೂ ನನ್ನ ಬ್ಲೌಸ್ ತರಬೇಕು, ಅಲ್ಲೇ ಅಳೆಸಿಕೊಳ್ಳಿ" ಅಂತ ನನ್ನವಳು ಹೊರಡಿಸಿದಳು.

ಟೈಲರ್ ಅಂಗಡಿಯಲ್ಲಿ ನಾಲ್ಕು ಜನ ಹೆಂಗಸರು ಕಾಯುತ್ತಿದ್ದರು. ಟೈಲರ್ ನನ್ನ ಮಾತನ್ನು ಎರಡು ಸಲ ಕೇಳಿಸಿಕೊಂಡರು. ಕತ್ತಿನಲ್ಲಿದ್ದ ಟೇಪು ತೆಗೆದು ನನ್ನ ಹಣೆಗೆ ಸುತ್ತಿ, ಅಭ್ಯಾಸಬಲದಿಂದ ಕೇಳಿದರು: "ಒಂದು ಬೆರಳು ಲೂಸ್ ಬಿಡ್ಲಾ ಸಾರ್?"

"ಬೇಡ, ಅದು ಮೊದಲೇ ಲೂಸು. ಟೈಟಾಗೇ ಇಡಿ" ಅಂದಳು ನನ್ನ ಹೆಂಡತಿ.

ನಾಲ್ಕೂ ಜನ ನಕ್ಕರು. ಟೈಲರ್ ನಗಲಿಲ್ಲ. ಕಸುಬಿನ ಮನುಷ್ಯ. ಕಿವಿಯಿಂದ ಪೆನ್ಸಿಲ್ ತೆಗೆದು, ಪುಸ್ತಕದಲ್ಲಿ ನನ್ನವಳ ಪುಟ ಹುಡುಕಿ, ತೋಳು, ಎದೆ, ಸೊಂಟದ ಕೆಳಗೆ ಬರೆದುಕೊಂಡರು: 'ಸಾರ್ ತಲೆ 24.' ಇಪ್ಪತ್ನಾಲ್ಕು ಇಂಚು ಅಂದರೆ 61 ಸೆಂಟಿಮೀಟರ್.

ಅಂಗಡಿಗೆ ಹೋದರೆ ಹೆಲ್ಮೆಟ್‌ಗಳ ಮೇಲೆ 580, 600, 620 ಅಂತ ಮಿಲಿಮೀಟರಲ್ಲಿ ಬರೆದಿತ್ತು. ನನ್ನ ತಲೆ 600ಕ್ಕೂ 620ಕ್ಕೂ ನಡುವೆ ತ್ರಿಶಂಕು. "ಚಿಕ್ಕದರಿಂದ ಶುರು ಮಾಡಿ ಅಂಕಲ್, ಒಳಗಿನ ಸ್ಪಂಜು ಆಮೇಲೆ ಸ್ವಲ್ಪ ಬಿಡುತ್ತೆ" ಅಂದ ಹುಡುಗ. ಕನ್ನಡಕ ಹಾಕಿಕೊಂಡೇ ತಲೆ ತೂರಿಸಿದೆ. ಕನ್ನಡಕದ ಒಂದು ಕಡ್ಡಿ ಮೂಗಿನ ಪಕ್ಕ ಬಂತು, ಇನ್ನೊಂದು ಕೂದಲೊಳಗೆ ಹೋಯಿತು, ಎರಡೂ ಕಿವಿ ವೀಳ್ಯದೆಲೆ ಮಡಿಚಿದ ಹಾಗೆ ಮಡಿಚಿಕೊಂಡವು. ಮೊದಲು ಕನ್ನಡಕ ತೆಗೆದು ಹೆಲ್ಮೆಟ್ ಹಾಕಿ, ಆಮೇಲೆ ಕಡ್ಡಿಗಳನ್ನು ಸಂದಿಯಲ್ಲಿ ತೂರಿಸಬೇಕು. ಇಪ್ಪತ್ತೈದು ವರ್ಷದಿಂದ ಕನ್ನಡಕ ಹಾಕುವ ನನಗೆ ಇದನ್ನು ಹೇಳಿಕೊಡಲು ಇಪ್ಪತ್ತು ವರ್ಷದ ಹುಡುಗ ಬೇಕಾಯಿತು.

"ಹದಿನೈದು ನಿಮಿಷ ತೆಗೀಬೇಡಿ" ಅಂತ ಸ್ಟೂಲ್ ಮೇಲೆ ಕೂರಿಸಿದ. ಪಕ್ಕದ ಅಂಗಡಿಗೆ ಟೀ ಬಂತು, ನನಗೂ ಒಂದು ಲೋಟ ಕೊಟ್ಟರು. ಫುಲ್ ಫೇಸ್ ಹೆಲ್ಮೆಟ್ಟಿಗೆ ಗದ್ದದ ಕಡೆ ಒಂದು ಗೋಡೆ ಇರುತ್ತದೆ ಅನ್ನೋದು ಲೋಟ ಅದಕ್ಕೆ ಟಣ್ ಅಂತ ಬಡಿದಾಗ ನೆನಪಾಯಿತು. ಶರ್ಟಿಗೆ ಅರ್ಧ ಟೀ. ಹತ್ತನೇ ನಿಮಿಷಕ್ಕೆ ಹಣೆಯ ನಡುವೆ ಯಾರೋ ಹೆಬ್ಬೆರಳು ಒತ್ತಿಟ್ಟ ಹಾಗೆ ನೋವು. ಹುಡುಗ ತೆಗೆದು ನೋಡಿ ಕೆಂಪು ಗುರುತು ಮುಟ್ಟಿ ಹೇಳಿದ: "ನಿಮ್ದು ಓವಲ್ ತಲೆ ಅಂಕಲ್, ಇದು ರೌಂಡ್ ತಲೆಯವ್ರಿಗೆ."

ಬೇರೆ ಕಂಪನಿಯದು, 620, ಸರಿಯಾಗಿ ಕೂತಿತು. ಕೆನ್ನೆ ಒತ್ತಿ ಬಾಯಿ ಸ್ವಲ್ಪ ಮೀನಿನ ಹಾಗಾಯಿತು. ಹೊಸದರಲ್ಲಿ ಹಾಗೇ ಇರಬೇಕಂತೆ. ಪಕ್ಕಕ್ಕೆ ತಿರುಗಿಸಿದರೆ ಹೆಲ್ಮೆಟ್ ಜೊತೆ ಮುಖದ ಚರ್ಮವೂ ತಿರುಗಬೇಕು, ಹೆಲ್ಮೆಟ್ ಒಂದೇ ತಿರುಗಿದರೆ ಅದು ದೊಡ್ಡದು ಅಂತ ಲೆಕ್ಕ. ಕೊನೆಯ ಪರೀಕ್ಷೆಗೆ ಹುಡುಗ ಪಟ್ಟಿ ಬಿಗಿದು, ಹಿಂದೆ ನಿಂತು, ಬುಡ ಹಿಡಿದು ಮುಂದಕ್ಕೆ ಎಳೆದ. ಕಳಚಬಾರದು. ಅದು ಕಳಚಲಿಲ್ಲ, ನಾನೇ ಸ್ಟೂಲಿನಿಂದ ಕಳಚಿದೆ. ರಸ್ತೆಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು "ಬಿಡಪ್ಪಾ ಅವರನ್ನ, ದುಡ್ಡು ಕೊಡ್ತಾರೆ" ಅಂತ ಅಡ್ಡ ಬಂದರು. ದುಡ್ಡು ಕೊಟ್ಟೆ. 3,200.

ಸ್ಟೈಲಿಗೆ ಅಂತ ಕಪ್ಪು ವೈಸರ್, ಅಂದರೆ ಮುಖದ ಮುಂದಿನ ಪರದೆ, ಹಾಕಿಸಿಕೊಂಡೆ. ಅದರ ಕಥೆ ಆಮೇಲೆ.

ಜಾಕೆಟ್ ಮಗನ ಹಟ. ಮಂಡ್ಯದ ಹತ್ತಿರ ನಂಟರ ಮನೆಯಲ್ಲಿ ಬೀಗರೂಟ, ಬೈಕಲ್ಲೇ ಹೋಗುವುದು ಅಂದಿದ್ದೆ. ಭುಜ, ಮೊಣಕೈ, ಬೆನ್ನಿಗೆ ಗಟ್ಟಿ ಪ್ಯಾಡ್ ಇರುವ ಜಾಲರಿ ಜಾಕೆಟ್. ನಮ್ಮಪ್ಪನ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಯಾದವಗಿರಿಯಲ್ಲಿ ತಯಾರಾದ ಯೆಜ್ಡಿ ಅವರದ್ದು. ಕಿಕ್ ಹೊಡೆಯುವ ಕೋಲನ್ನೇ ಮುಂದಕ್ಕೆ ಮಡಚಿದರೆ ಗೇರ್ ಆಗುವ ಗಾಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಅಪ್ಪನ ರೈಡಿಂಗ್ ಗೇರ್ ಮಾತ್ರ ಇನ್ನೂ ಟ್ರಂಕಿನಲ್ಲಿದೆ: ಒಂದು ಮಂಕಿ ಕ್ಯಾಪು. ಡಿಸೆಂಬರ್ ಚಳಿಯಲ್ಲಿ ಎದೆಗೆ ಹಿಂದಿನ ದಿನದ ಪೇಪರ್ ಸೇರಿಸುತ್ತಿದ್ದರು. ಗ್ಲೌಸ್ ವಿಷಯ ಜಾಸ್ತಿ ಹೇಳುವುದಿಲ್ಲ. ಬಿದ್ದರೆ ಮೊದಲು ನೆಲಕ್ಕೆ ಊರುವುದು ಅಂಗೈ ಅನ್ನುವ ಮಾತಿಗೆ ಮರುಳಾಗಿ ಕೊಂಡೆ. ಎರಡೇ ವಾರದಲ್ಲಿ ಎಡಗೈಯದು ಕಳೆದುಹೋಯಿತು, ಬಲಗೈಯದರಲ್ಲಿ ಮನೆಯಲ್ಲಿ ಕುಕ್ಕರ್ ಇಳಿಸುತ್ತಾರೆ.

2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಒಳಗೆ ಬೈಕಿಗೆ ಪ್ರವೇಶ ಇಲ್ಲ. ಹಾಗಾಗಿ ನಾವು ಸರ್ವಿಸ್ ರಸ್ತೆಯವರು. ಏಪ್ರಿಲ್ ಬಿಸಿಲು. ಗಾಡಿ ಓಡುವಾಗ ಜಾಲರಿ ಜಾಕೆಟ್ಟೊಳಗೆ ಗಾಳಿ ಚೆನ್ನಾಗಿ ಆಡುತ್ತದೆ, ಸುಳ್ಳು ಹೇಳಬಾರದು. ನಿಂತರೆ ಮಾತ್ರ ಇಡ್ಲಿ ಪಾತ್ರೆ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಒಳಗಿನ ರೇಷ್ಮೆ ಬಣ್ಣದ ಶರ್ಟು ನೆನೆದು ಮೈಗೆ ಅಂಟಿತ್ತು. ಊರು ತಲುಪಿದ ಮೇಲೆ ಜಾಕೆಟ್ ತೆಗೆಯುವ ಧೈರ್ಯ ಬರಲಿಲ್ಲ.

ಚಪ್ಪರದ ಬಾಗಿಲಲ್ಲಿ ಅಜ್ಜಿಯೊಬ್ಬರು ತಡೆದರು. "ಯಾರ್ಗಪ್ಪಾ ಪಾರ್ಸಲ್ಲು?"

"ಪಾರ್ಸಲ್ ಅಲ್ಲ ಅಜ್ಜಿ, ಊಟಕ್ಕೆ ಬಂದಿದ್ದೀನಿ."

"ಊಟ ತಂದಿದ್ದೀಯಾ? ಇಲ್ಲೇ ಆರು ಮರಿ ಕಡ್ದವ್ರೆ, ಅದ್ಯಾರು ಒಟೇಲಿಂದ ತರಿಸ್ದೋರು?"

ನನ್ನವಳು ಹಿಂದೆ ಬಂದು ಬಿಡಿಸಿಕೊಂಡಳು. ಪಂಕ್ತಿಯಲ್ಲಿ ಕೂತರೆ ಮೊಣಕೈ ಪ್ಯಾಡ್ ಇರುವ ಕೈ ಪೂರ್ತಿ ಮಡಚುವುದಿಲ್ಲ. ಮುದ್ದೆ ತುತ್ತು ಬಾಯಿಯ ಎರಡು ಇಂಚು ಈಚೆಗೇ ನಿಲ್ಲುತ್ತದೆ. ಉಳಿದ ಎರಡು ಇಂಚಿಗೆ ನಾನೇ ತಲೆ ಬಗ್ಗಿಸಿ ಹೋಗಿ ತಿಂದು ಬಂದೆ. ಎದುರು ಸಾಲಿನವರಿಗೆ ನಾನು ಪ್ರತಿ ತುತ್ತಿಗೂ ನಮಸ್ಕಾರ ಮಾಡುವ ದೈವಭಕ್ತ.

ಹೊರಡುವಾಗ ನೋಡಿದರೆ ಜಗಲಿ ಮೇಲೆ ಕವುಚಿಟ್ಟಿದ್ದ ಹೆಲ್ಮೆಟನ್ನು ಯಾವುದೋ ಮಗು ಅಂಗಾತ ಮಾಡಿತ್ತು. ಒಳಗೆ ಒಂದು ಹ್ಯಾಟೆ ಕೋಳಿ ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಅದರ ಅಕ್ಕ ತಂಗಿಯರೆಲ್ಲ ಒಳಗೆ ಸಾರಾಗಿದ್ದ ದಿನ ಇದೊಂದು ನನ್ನ ಹೆಲ್ಮೆಟ್ಟಿನಲ್ಲಿ ಜೀವ ಉಳಿಸಿಕೊಂಡಿತ್ತು. ಎಬ್ಬಿಸಲು ಹೋದರೆ ಕುಕ್ಕಿತು. ಒಳಗಿನ ಬಟ್ಟೆ ಬಿಚ್ಚಿ ಒಗೆಯುವಂಥದ್ದು ಅಂತ ಹುಡುಗ ಹೇಳಿದ್ದು ಆಗ ನೆನಪಾಗಿ ಸಮಾಧಾನ ಆಯಿತು. ವಾಸನೆ ಮಾತ್ರ ಮೈಸೂರಿನವರೆಗೂ ನನ್ನೊಂದಿಗೇ ಇತ್ತು.

ಹೊತ್ತು ಮುಳುಗಿತು. ಈಗ ಕಪ್ಪು ವೈಸರ್ ಕಥೆ. ಮುಚ್ಚಿದರೆ ರಸ್ತೆ ಕಾಣುವುದಿಲ್ಲ. ತೆರೆದರೆ ಎರಡೂ ಕಡೆ ಕಬ್ಬಿನ ಗದ್ದೆಯ ಹುಳುಗಳೆಲ್ಲ ನನ್ನ ಕಣ್ಣಿಗೇ. ಮುಚ್ಚುತ್ತಾ ತೆರೆಯುತ್ತಾ, ಹಂಪ್ ಕಾಣದೆ ಒಂದನ್ನು ಹಾರಿಸಿಬಿಟ್ಟೆ. ಹಿಂದಿನಿಂದ 'ಅಯ್ಯೋ' ಅಂತ ಕೂಗು. ಗಾಡಿ ನಿಲ್ಲಿಸಿ ತಿರುಗಿ ನೋಡಿದರೆ ನನ್ನವಳ ತಲೆ ಮೇಲೆ ಹೆಲ್ಮೆಟ್ ಇಲ್ಲ. ಅದು ರಸ್ತೆಯಲ್ಲಿ ಬುಗುರಿಯಂತೆ ಸುತ್ತುತ್ತಿತ್ತು. 220 ರೂಪಾಯಿಯ ಜೋಡಿಯಲ್ಲಿ ಉಳಿದ ಒಂದು. ತುರುಬು, ತುರುಬಿಗೆ ಮಲ್ಲಿಗೆ, ಅದರ ಮೇಲೆ ಅದು ಕಳಶದ ತೆಂಗಿನಕಾಯಿಯ ಹಾಗೆ ಕೂತಿತ್ತು. ಪಟ್ಟಿಯ ಬಕಲ್ ಮುರಿದು ಎಷ್ಟು ದಿನವಾಗಿತ್ತೋ.

ಅವಳು ಇಳಿದು ಹೋಗಿ ಅದನ್ನು ಎತ್ತಿಕೊಂಡು ಬಂದಳು. ಕೋಪ ಮಾಡಲಿಲ್ಲ. ಮೆಲ್ಲಗೆ ಕೇಳಿದಳು: "ರೀ, ನಿಮ್ಮ ತಲೆಗೆ 3,200. ನನ್ನ ತಲೆಗೆ 220ಆ?"

ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಅಂತ ರಾಜ್ಯದಲ್ಲಿ ನಿಯಮ ಬಂದದ್ದು 2016ರ ಜನವರಿಯಲ್ಲಿ. ದಂಡ ಇಬ್ಬರಿಗೂ ಒಂದೇ, 500. ಅಂಗಡಿಯಲ್ಲಿ ಅಷ್ಟು ಹೊತ್ತು ಕೂತಿದ್ದ ನನಗೆ ಎರಡನೇ ತಲೆಯ ನೆನಪೇ ಬಂದಿರಲಿಲ್ಲ. ಮಗನಿಗೂ ಬಂದಿರಲಿಲ್ಲ, ಆದರೆ ಅದನ್ನು ಹೇಳಿ ಪಾರಾಗುವ ಹಾಗಿರಲಿಲ್ಲ. ಮಿಕ್ಕ ದಾರಿ ಇಪ್ಪತ್ತರ ವೇಗದಲ್ಲಿ, ನನ್ನ 620ನ್ನು ಅವಳ ತಲೆಗೆ ಹಾಕಿ, ನಾನು ಆ ಚಿಪ್ಪು ಹಾಕಿಕೊಂಡು ಬಂದೆ. ಅವಳಿಗೆ ಅದು ಗುಡಾಣ. ಹಿಂದಿನಿಂದ ದಾರಿಯುದ್ದಕ್ಕೂ "ಇದೇನ್ರೀ ಕೋಳಿ ವಾಸನೆ" ಅಂತ ಕೇಳಿಸುತ್ತಿತ್ತು.

ಮುಂದಿನ ಶನಿವಾರ ಮತ್ತೆ ಟೈಲರ್ ಅಂಗಡಿ. ಅದೇ ಪುಸ್ತಕ, ಅದೇ ಪುಟ. ತುರುಬು ಬಿಚ್ಚಿ ಕೆಳಗೆ ಜಡೆ ಹಾಕಿಕೊಂಡು ಬಂದಿದ್ದಳು. ಟೈಲರ್ ಟೇಪು ಸುತ್ತಿ, "22" ಅಂತ ಬರೆಯುತ್ತಾ, ಕಸುಬಿನ ಮನುಷ್ಯ ನೋಡಿ, ಕೇಳಿಯೇ ಬಿಟ್ಟರು.

"ಲೂಸ್ ಬಿಡ್ಲಾ ಮೇಡಂ?"

ಅವಳು ನನ್ನ ಕಡೆ ತಿರುಗಿದಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ತಿಥಿ, ನಕ್ಷತ್ರ ಎಲ್ಲ ನೋಡಿದೆ. ರಾಹುಕಾಲವನ್ನೂ ನೋಡಿದೆ.