ಐಹೊಳೆ ಶಾಸನಕ್ಕೆ ಒಂದೇ ಮಾರ್ಕಾ?

ಹಿಸ್ಟರಿ ಪಾಠದಲ್ಲಿ ಕ್ರಿಯೇಟಿವಿಟಿ ಅಂದ್ರೆ ಏನು? ನನ್ನ ಮಗಳು ಇಲ್ಲಿ ಇಂಗ್ಲೆಂಡಲ್ಲಿ ಇಯರ್ 7, ಅಂದ್ರೆ 11-12 ವರ್ಷದ ಮಕ್ಕಳ ಕ್ಲಾಸು. ಮೊನ್ನೆ ಹಿಸ್ಟರಿ ಹೋಮ್‌ವರ್ಕ್ ಅಂತ ಬಾಯೋ ಟೇಪ್‌ಸ್ಟ್ರಿ ಚಿತ್ರ ತಂದಿದ್ಲು, 1066ರ ಹೇಸ್ಟಿಂಗ್ಸ್ ಯುದ್ಧದ ಕಥೆ ಹೇಳೋ ಸುಮಾರು 70 ಮೀಟರ್ ಉದ್ದದ ಕಸೂತಿ, ಅದರದ್ದೊಂದು ತುಂಡು. ಪ್ರಶ್ನೆ ಯಾರು ಗೆದ್ರು, ಯಾವ ಇಸವಿ ಅಂತಲ್ಲ. ಇದನ್ನ ಮಾಡಿಸಿದ್ದು ಯಾರಿರಬಹುದು, ಹಾಗಾದ್ರೆ ಎಷ್ಟು ನಂಬ್ತೀಯ, ಯಾಕೆ? ಹುಡುಗಿ ಹುಡುಕಿದ್ಲು, ಗೆದ್ದ ವಿಲಿಯಂನ ಮಲತಮ್ಮ ಬಿಷಪ್ ಓಡೋನೇ ಮಾಡಿಸಿರಬೇಕು ಅಂತ ತುಂಬಾ ಇತಿಹಾಸಕಾರರ ಅಭಿಪ್ರಾಯವಂತೆ. "ಅಪ್ಪಾ, ಅದಕ್ಕೇ ಅವ್ನು ಯುದ್ಧದ ಮಧ್ಯೆ ದೊಣ್ಣೆ ಹಿಡ್ಕೊಂಡು ಎಲ್ರಿಗೂ ಧೈರ್ಯ ತುಂಬ್ತಿದಾನೆ!" ಅಂದ್ಲು.

ನಂಗೆ ತಕ್ಷಣ ನೆನಪಾಗಿದ್ದು ಐಹೊಳೆ ಶಾಸನ, ಚಾಲುಕ್ಯ ರಾಜ ಇಮ್ಮಡಿ ಪುಲಕೇಶಿಯನ್ನ ಹೊಗಳೋ ಕಲ್ಬರಹ. ನಾವು ಓದಿದ್ದೇನು, ಬರೆದವರು ಯಾರು, ರವಿಕೀರ್ತಿ, ಒಂದು ಮಾರ್ಕು, ಮುಗೀತು. ಒಳಗೆ ಏನಿದೆ ಅಂತ ಯಾರೂ ತೋರಿಸ್ಲಿಲ್ಲ. ಪುಲಕೇಶಿ ಎದುರು ಭಯಕ್ಕೆ ಉತ್ತರದ ರಾಜ ಹರ್ಷನ ಹರ್ಷವೇ ಜಾರಿಹೋಯ್ತು ಅಂತ ಶ್ಲೇಷೆ ಮಾಡಿದಾನೆ ಕವಿ, ತನ್ನನ್ನ ಕಾಳಿದಾಸ, ಭಾರವಿ ಸಾಲಲ್ಲಿ ಕೂರಿಸ್ಕೊಂಡಿದಾನೆ. ಅದು 634ರ ಮಾತು, ಪುಲಕೇಶಿ ಆಶ್ರಯದಲ್ಲಿದ್ದವನ ಮಾತು. ಕೆಲವೇ ವರ್ಷ ಬಿಟ್ಟು ಪುಲಕೇಶಿಯ ನಾಡಿಗೆ ಬಂದ ಚೀನಾ ಯಾತ್ರಿಕ ಹ್ಯೂಯೆನ್ ತ್ಸಾಂಗ್, ಹರ್ಷನಿಂದಲೇ ಗೌರವ ಪಡೆದವನು, ಅವ್ನೂ ಹರ್ಷನಿಗೆ ಈ ನಾಡಿನ ಜನರನ್ನ ಸೋಲಿಸೋಕಾಗ್ಲಿಲ್ಲ ಅಂತ ಬರೀತಾನೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಯಾರ ಮಾತಿಗೆ ಜಾಸ್ತಿ ತೂಕ, ಯಾಕೆ ಅಂತ ಕೇಳಿ ನೋಡಿ, ಎಂಟನೇ ಕ್ಲಾಸ್ ಮಕ್ಕಳು ಜಗಳ ಆಡ್ಕೊಂಡು ಉತ್ತರ ಹೇಳ್ತಾರೆ.

ಹಿಸ್ಟರೀಲಿ ಕ್ರಿಯೇಟಿವಿಟಿ ಅಂದ್ರೆ ನನ್ನ ಪ್ರಕಾರ ಇದೇ. ಅಪ್ಪ ಅಮ್ಮ ರಾತ್ರಿ ಕೂತು ಮಾಡ್ಕೊಡೋ ಥರ್ಮಾಕೋಲ್ ಕೋಟೆ ಅಲ್ಲ, ಸ್ಮಾರ್ಟ್ ಬೋರ್ಡೂ ಅಲ್ಲ. ನಮ್ಮೂರ ಟೀಚರ್‌ಗಳನ್ನ ದೂರೋದೂ ತಪ್ಪು, ಪೋರ್ಶನ್ ಮುಗಿಸ್ಬೇಕು, ಪರೀಕ್ಷೆ ಏನು ಕೇಳುತ್ತೋ ಅದನ್ನೇ ಹೇಳ್ಕೊಡ್ಬೇಕು, ಇಷ್ಟರಲ್ಲಿ ಅವರಾದ್ರೂ ಏನ್ ಮಾಡ್ತಾರೆ. ಇಲ್ಲಿ ಟೀಚರ್ ಹೀಗೆ ಪಾಠ ಮಾಡೋಕೆ ಧೈರ್ಯ ಬರೋದು ಮುಂದೆ ನಮ್ಮ ಎಸ್ಸೆಸ್ಸೆಲ್ಸಿ ಥರದ ಜಿಸಿಎಸ್‌ಇ ಪೇಪರ್‌ನಲ್ಲೂ ಈ ಆಧಾರ ಎಷ್ಟು ಉಪಯುಕ್ತ ಅನ್ನೋ ಥರ ಪ್ರಶ್ನೆ ಇರೋದ್ರಿಂದ.

ಇಲ್ಲಿನದೆಲ್ಲ ಸರಿ ಅಂತ ನಾನು ಹೇಳಲ್ಲ. 14 ವರ್ಷಕ್ಕೆ ಹಿಸ್ಟರಿ ಬಿಟ್ಬಿಡಬಹುದು, ಅದು ನಂಗೆ ಬೇಜಾರು, ನಮ್ಮಲ್ಲಿ ಹತ್ತನೇ ಕ್ಲಾಸ್‌ವರೆಗೂ ಎಲ್ರೂ ಓದ್ತಾರೆ. ಜೊತೆಗೆ ನಮ್ಮ ಎಷ್ಟೋ ಊರಲ್ಲಿ ವೀರಗಲ್ಲುಗಳಿವೆ, ಕೆಳಗೆ ಕಾಳಗ, ಮಧ್ಯೆ ವೀರನನ್ನ ಕರ್ಕೊಂಡು ಹೋಗೋ ಅಪ್ಸರೆಯರು, ಮೇಲೆ ಸ್ವರ್ಗದಲ್ಲಿ ಲಿಂಗದ ಮುಂದೆ ಅವನು. ಒಂದು ಪೀರಿಯಡ್ ಮಕ್ಕಳನ್ನ ಅದರ ಮುಂದೆ ನಿಲ್ಲಿಸಿ ಇದನ್ನ ಯಾರು ನಿಲ್ಸಿದ್ರು, ಯಾಕೆ ನಿಲ್ಸಿದ್ರು ಅಂತ ಕೇಳಿ. ಆಮೇಲೆ ಪರೀಕ್ಷೇಲೂ ಅದನ್ನೇ ಕೇಳಿ, ಐದು ಮಾರ್ಕಿಗೆ.