ಬದುವಿಗೆ ಗೂಟ ಹೊಡೆಯುವ ಊರು

ನವೆಂಬರ್ ಕೊನೆಯ ಒಂದು ಬೆಳಿಗ್ಗೆ ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್‌ಟನ್ ಎಂಬ ಹಳ್ಳಿಯ ಹೊಲದಂಚಿನಲ್ಲಿ ನಿಂತಿದ್ದೆ. ಗೋಧಿ ಎರಡು ಬೆರಳುದ್ದ ಎದ್ದಿತ್ತು. ಟ್ರ್ಯಾಕ್ಟರ್ ಎಳೆದು ತಂದ ಟ್ರೇಲರಿನಿಂದ ಹತ್ತು ಹನ್ನೆರಡು ಜನ ಇಳಿದರು. ಒಬ್ಬರು ಬದುವಿನ ಉದ್ದಕ್ಕೂ ಕಣ್ಣು ಹಾಯಿಸಿ, ನೇಗಿಲು ಹುಲ್ಲಿನೊಳಗೆ ಒಂದು ಗೇಣು ನುಗ್ಗಿದ್ದ ಜಾಗವನ್ನು ಬೂಟುಗಾಲಿನಲ್ಲೇ ತೋರಿಸಿದರು. ಇನ್ನೊಬ್ಬರು ಚೂಪು ಮಾಡಿದ ಮರದ ಗೂಟ ಹಿಡಿದು ನಿಲ್ಲಿಸಿದರು. ಮೂರನೆಯವರು ಸುತ್ತಿಗೆ ಎತ್ತಿದರು. ಮಳೆ ಕುಡಿದ ಕೆಂಪು ಜೇಡಿಮಣ್ಣು, ನಾಲ್ಕೇ ಏಟಿಗೆ ಗೂಟ ಕಚ್ಚಿಕೊಂಡಿತು. ಯಾರೂ ದನಿ ಏರಿಸಲಿಲ್ಲ. ಎಲ್ಲರೂ ಮುಂದಿನ ಪಟ್ಟಿಯ ಕಡೆ ನಡೆದರು.

ನಾನು ಅಲ್ಲೇ ನಿಂತುಬಿಟ್ಟೆ. ಇಂಥದೇ ಒಂದು ಗೇಣಿಗಾಗಿ ನಮ್ಮಪ್ಪ ಒಂಬತ್ತು ವರ್ಷ ಕೋರ್ಟಿಗೆ ಅಲೆದಿದ್ದಾರೆ.

ನಾನು ತಿಪಟೂರು ಕಡೆಯವನು. ನಾಟಿಂಗ್‌ಹ್ಯಾಮ್‌ಗೆ ಬಂದು ಹದಿನಾಲ್ಕು ವರ್ಷವಾಯಿತು. ಊರಿನಿಂದ ಬಂದ ನೆಂಟರನ್ನು ಈ ಕಡೆಯ ಹಳ್ಳಿಗಳಿಗೆ ಕರೆದುಕೊಂಡು ಹೋದರೆ ಎಲ್ಲರದೂ ಒಂದೇ ಮಾತು: ಎಷ್ಟು ಪ್ರಶಾಂತ! ಇಗರ್ಜಿಯ ಗೋಪುರ, ಇಟ್ಟಿಗೆ ಮನೆಗಳು, ಮುಳ್ಳುಬೇಲಿಯ ನಡುವೆ ಬಳಸಿ ಹೋಗುವ ದಾರಿ, ಮೇಯುವ ಕುರಿ. ಮೊದಮೊದಲು ನನಗೂ ಅದು ಮಳೆ ಮತ್ತು ಮಂಜು ಕೊಟ್ಟ ವರವೆಂದೇ ಅನಿಸುತ್ತಿತ್ತು. ಲ್ಯಾಕ್ಸ್‌ಟನ್ನಿಗೆ ನಾಲ್ಕಾರು ಸಲ ಹೋಗಿಬಂದ ಮೇಲೆ ಆ ಅಭಿಪ್ರಾಯ ಬಿಟ್ಟಿದ್ದೇನೆ. ಆ ಸದ್ದಿಲ್ಲದ ನೆಲದ ಹಿಂದೆ ಊರವರು ವರ್ಷ ತಪ್ಪದೆ ಮಾಡುವ ಕೆಲಸವಿದೆ.

ಇಂಗ್ಲೆಂಡಿನಲ್ಲಿ ಹಳ್ಳಿಯ ಆಡಳಿತದ ಕಟ್ಟಕಡೆಯ ಘಟಕಕ್ಕೆ ಪ್ಯಾರಿಷ್ ಎನ್ನುತ್ತಾರೆ. ಮೊದಲು ಅದು ಇಗರ್ಜಿಯ ಸರಹದ್ದು. 1894ರ ಕಾಯ್ದೆಯಿಂದ ಚುನಾಯಿತ ಪ್ಯಾರಿಷ್ ಕೌನ್ಸಿಲ್‌ಗಳು ಬಂದವು. ನಮ್ಮ ಗ್ರಾಮ ಪಂಚಾಯ್ತಿ ಇದ್ದ ಹಾಗೆ ಅಂದುಕೊಳ್ಳಬಹುದು, ಅಷ್ಟು ಹಣವೂ ಇಲ್ಲ, ಅಷ್ಟು ಅಧಿಕಾರವೂ ಇಲ್ಲ. ಆದರೆ ಲ್ಯಾಕ್ಸ್‌ಟನ್ನಿನಲ್ಲಿ ಅದಕ್ಕಿಂತ ಹಳೆಯದೊಂದು ಉಳಿದಿದೆ. ಒಂದು ಕಾಲಕ್ಕೆ ಮಧ್ಯ ಇಂಗ್ಲೆಂಡಿನ ಬಹಳಷ್ಟು ಹಳ್ಳಿಗಳಲ್ಲಿ ಬೇಲಿಯೇ ಇರಲಿಲ್ಲ. ದೊಡ್ಡ ದೊಡ್ಡ ಬಯಲುಹೊಲ. ಒಬ್ಬೊಬ್ಬನಿಗೆ ಅಲ್ಲೊಂದು ಇಲ್ಲೊಂದು ಉದ್ದನೆಯ ಪಟ್ಟಿ. ಆಮೇಲೆ ಪಾರ್ಲಿಮೆಂಟು ಊರೂರಿಗೂ ಬೇಲಿ ಹಾಕುವ ಕಾಯ್ದೆ ಮಾಡಿತು. 1604ರಿಂದ 1914ರೊಳಗೆ ಅಂಥ ಕಾಯ್ದೆ 5,000ಕ್ಕೂ ಹೆಚ್ಚು. ಗೋಮಾಳದಂಥ ಜಾಗಗಳೂ ಬೇಲಿಯೊಳಗೆ ಸೇರಿದವು. ಹಸು ಕಟ್ಟಲು ಜಾಗ ಕಳೆದುಕೊಂಡ ಬಡವರು ಎಷ್ಟೋ ಜನ ಪಟ್ಟಣಗಳ ಗಿರಣಿ ಸೇರಿದರು. ನೆಂಟರು ಫೋಟೋ ತೆಗೆದುಕೊಳ್ಳುವ ಚೆಂದದ ಬೇಲಿಗಳಲ್ಲಿ ಎಷ್ಟೋ ಬೇಲಿಗಳ ಕಥೆ ಅದೇ, ಅದನ್ನು ಅವರಿಗೆ ಹೇಳದೆ ಇರಲು ನನ್ನಿಂದ ಆಗುವುದಿಲ್ಲ.

ಲ್ಯಾಕ್ಸ್‌ಟನ್ನಿನಲ್ಲಿ ಆ ಕೆಲಸ ಪೂರ್ತಿಯಾಗಲಿಲ್ಲ. ಮೂರು ಬಯಲುಹೊಲ ಇಂದಿಗೂ ಇವೆ: ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮೂರನೆಯದು ಬೀಳು. ಮುಂದಿನ ವರ್ಷ ಸರದಿ ಬದಲು. ಮಾರ್ಕ್ ಪಿಯರ್ಸ್ ಎಂಬಾತ 1635ರಲ್ಲಿ ಇಡೀ ಊರನ್ನು ಅಳೆದು ಬರೆದ ನಕಾಶೆ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಪಟ್ಟಿ ಪಟ್ಟಿಯನ್ನೂ ಗುರುತಿಸಿ, ನಡುನಡುವೆ ಉಳುವವರು, ಕೊಯ್ಯುವವರ ಪುಟ್ಟ ಚಿತ್ರಗಳನ್ನೂ ಬರೆದಿದ್ದಾನೆ. ಅದರ ಪ್ರತಿ ನೋಡುವಾಗ ನನಗೆ ಅತಿ ಹತ್ತಿರದ್ದೆನಿಸಿದ್ದು ಮನೆಗಳ ಸಾಲು. ರೈತರ ಮನೆ ಹೊಲದಲ್ಲಿಲ್ಲ. ಎಲ್ಲ ಊರೊಳಗೇ, ಬೀದಿಗೆ ಒತ್ತಿಕೊಂಡಂತೆ, ಹಿಂದೆ ಕಣ, ಕೊಟ್ಟಿಗೆ. ಬೆಳಿಗ್ಗೆ ಊರಿನಿಂದ ಹೊಲಕ್ಕೆ, ಸಂಜೆ ಹೊಲದಿಂದ ಊರಿಗೆ. ನಮ್ಮದೂ ಹಾಗೇ ಅಲ್ಲವೆ?

ಬೇಲಿ ಇಲ್ಲದ ಮೇಲೆ ಒತ್ತುವರಿ ಇದ್ದದ್ದೇ. ನೇಗಿಲು ಹಿಡಿದವನ ಕೈ ಪಕ್ಕಕ್ಕೆ ಸರಿಯದ ದೇಶ ಯಾವುದೂ ಇಲ್ಲ. ಅದಕ್ಕೇ ಆ ಬೆಳಿಗ್ಗೆ ಟ್ರೇಲರಿನಿಂದ ಇಳಿದ ಜ್ಯೂರಿ, ಅಂದರೆ ಊರಿನ ಪಂಚರ ತಂಡ. ಗೋಧಿ ಬಿತ್ತಿದ ಹೊಲವನ್ನು ವರ್ಷಕ್ಕೊಮ್ಮೆ ಸುತ್ತಿ ನೋಡುತ್ತಾರೆ. ಜ್ಯೂರಿಯವರು ಊರಿನವರೇ, ಹೆಚ್ಚಿನವರು ಅಲ್ಲೇ ಬೇಸಾಯ ಮಾಡುವವರು. ಹುಲ್ಲುಪಟ್ಟಿಯನ್ನೋ ದಾರಿಯನ್ನೋ ಯಾರು ಉತ್ತಿದ್ದಾರೆಂದು ಗುರುತು ಹಾಕಿಕೊಂಡು, ಗೂಟ ಹೊಡೆದು, ಊರಿನ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಒಟ್ಟಿಗೆ ಊಟ ಮಾಡುತ್ತಾರೆ. ವಾರ ಕಳೆದ ಮೇಲೆ ಅದೇ ಪಬ್ಬಿನಲ್ಲಿ ಕೋರ್ಟ್ ಲೀಟ್ ಎಂಬ ಊರಿನ ಹಳೆಯ ನ್ಯಾಯಸಭೆ ಕೂರುತ್ತದೆ. ದಂಡದ ಮೊತ್ತ ಚಿಕ್ಕದು. ಕಟ್ಟುವವನಿಗೆ ಚುಚ್ಚುವುದು ಮೊತ್ತವಲ್ಲ, ಅಕ್ಕಪಕ್ಕದವರ ಎದುರು ಹೆಸರು ಕರೆಸಿಕೊಂಡದ್ದು. ಬಿತ್ತಿದ ಹಂಗಾಮು ಮುಗಿಯುವ ಮೊದಲೇ ತಕರಾರು ಮುಗಿದಿರುತ್ತದೆ.

ಪಟ್ಟಿಗಳ ನಡುವೆ ನೀರು ಹರಿದು ಹೋಗುವ ತಗ್ಗಿನಲ್ಲಿ ಉಳದೆ ಬಿಟ್ಟ ಹುಲ್ಲುಗಾವಲಿದೆ. ಅದಕ್ಕೆ ಸೈಕ್ ಎನ್ನುತ್ತಾರೆ. ನೇಗಿಲು, ಗೊಬ್ಬರ ಕಾಣದ ಜಾಗವಾದ್ದರಿಂದ ಜೂನಿನಲ್ಲಿ ಕಾಡುಹೂ ತುಂಬಿಕೊಳ್ಳುತ್ತದೆ. ಅಲ್ಲಿಯ ಹುಲ್ಲನ್ನು ವರ್ಷವರ್ಷ ಹರಾಜು ಹಾಕುತ್ತಾರೆ. ಇದನ್ನು ತಿಳಿದಾಗ ನಮ್ಮೂರ ಕೆರೆ ಏರಿ ಮೇಲಿನ ಹುಣಸೆಮರಗಳ ಹರಾಜು ಕಣ್ಣ ಮುಂದೆ ಬಂತು. ಗುಂಡುತೋಪು, ಗೋಮಾಳ, ಬಂಡಿದಾರಿ, ಕೆರೆಯಂಗಳ: ನಮಗೂ ಇವೆಲ್ಲ ಇದ್ದವು. ಗದ್ದೆಗದ್ದೆಗೂ ಸರದಿಯ ಮೇಲೆ ನೀರು ಬಿಡಲು ನೀರಗಂಟಿ ಇದ್ದ. ಮಾರಿಹಬ್ಬದಲ್ಲಿ ಇಡೀ ಊರಿನ ಗಡಿ ಸುತ್ತಿ ಚರಗ ಚೆಲ್ಲುತ್ತಿದ್ದರು. ಇಂಗ್ಲೆಂಡಿನ ಪ್ಯಾರಿಷ್‌ಗಳಲ್ಲೂ ಪಾದ್ರಿಯನ್ನು ಮುಂದಿಟ್ಟುಕೊಂಡು ಗಡಿ ಸುತ್ತಿ, ಗಡಿಕಲ್ಲುಗಳನ್ನು ಕೋಲಿನಿಂದ ಬಡಿದು ಮಕ್ಕಳಿಗೆ ನೆನಪಿಡಿಸುವ ರೂಢಿಯಿತ್ತು, ಕೆಲವು ಕಡೆ ಇನ್ನೂ ಇದೆ. ಎರಡೂ ಕಡೆಯ ಹಿರಿಯರಿಗೆ ಗೊತ್ತಿದ್ದದ್ದು ಒಂದೇ: ಕಾಲಲ್ಲಿ ನಡೆಯದ ಗಡಿ ಕಾಗದದಲ್ಲಿ ಉಳಿಯುವುದಿಲ್ಲ.

ಇಲ್ಲಿಯ ಕಾಲುದಾರಿಗಳ ಬಗ್ಗೆ ಹೇಳದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ಸಾರ್ವಜನಿಕ ಕಾಲುದಾರಿ ಯಾರದೇ ಹೊಲದ ನಡುವೆ ಹೋಗಿದ್ದರೂ ಅದರಲ್ಲಿ ಯಾರು ಬೇಕಾದರೂ ನಡೆಯಬಹುದು. 1949ರ ಕಾಯ್ದೆಯಂತೆ ಅವನ್ನು ಅಧಿಕೃತ ನಕಾಶೆಗೆ ಏರಿಸುತ್ತಾ ಬಂದಿದ್ದಾರೆ. ಹೊಲದ ನಡುವಿನ ದಾರಿಯನ್ನು ಬಿತ್ತನೆಗಾಗಿ ಉತ್ತರೆ 14 ದಿನದೊಳಗೆ ಮತ್ತೆ ನಡೆಯುವ ಹಾಗೆ ಮಾಡಿಕೊಡಬೇಕು. ಗೋಧಿಯ ನಡುವೆ ಒಂದಾಳು ನಡೆಯುವಷ್ಟು ಅಗಲದ ದಾರಿ ನೇರ ಇಗರ್ಜಿಗೆ ಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಮ್ಮ ತೋಟಕ್ಕೆ ಹೋಗುವ ನಕಾಶೆ ದಾರಿಯಲ್ಲಿ ಈಗ ಮೂರು ಕಡೆ ತೆಂಗಿನ ಸಸಿ ನಿಂತಿದೆ, ಒಂದು ಕಡೆ ತಂತಿಬೇಲಿ. ಅಪ್ಪ ಗೊಬ್ಬರವನ್ನು ತಲೆ ಮೇಲೆ ಹೊತ್ತು ಸಾಗಿಸುತ್ತಾರೆ. ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಸರ್ವೆಯವರು ಬಂದು ಚೈನು ಎಳೆದು ಬಾಂದುಕಲ್ಲು ತೋರಿಸಿ ಹೋಗುತ್ತಾರೆ. ಮುಂದಿನ ಉಳುಮೆಗೆ ಕಲ್ಲು ಮಾಯ.

ಹಾಗೆಂದು ಅವರದೆಲ್ಲ ಸರಿ, ನಮ್ಮದೆಲ್ಲ ತಪ್ಪು ಎನ್ನಲಾರೆ. ಲ್ಯಾಕ್ಸ್‌ಟನ್ನಿನ ಆ ಪಟ್ಟಿಗಳ ರೈತರು ಗೇಣಿದಾರರು. ಜಮೀನು 1952ರಲ್ಲಿ ಜಮೀನ್ದಾರಿ ಮನೆತನದಿಂದ ಸರ್ಕಾರದ ಕೃಷಿ ಸಚಿವಾಲಯಕ್ಕೆ ಹೋಯಿತು, 1981ರಲ್ಲಿ ಬ್ರಿಟಿಷ್ ರಾಜಗದ್ದುಗೆಯ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ, 2020ರಲ್ಲಿ ಮತ್ತೆ ಆ ಹಳೆಯ ಮನೆತನದ ಥೋರ್ಸ್‌ಬಿ ಎಸ್ಟೇಟಿಗೇ ಮರಳಿತು. ಮೇಲೆ ಒಡೆಯರು ಬದಲಾದರು, ಕೆಳಗೆ ಉಳುವವರು ಗೇಣಿದಾರರಾಗಿಯೇ ಉಳಿದರು. ನಮ್ಮ ತಾತನಾದರೋ ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿಯಾದ ಮೇಲೆ 7ನೇ ನಮೂನೆ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ಕೈಮುಗಿದು ನಿಂತು, ಎರಡು ಎಕರೆ ಹದಿನಾಲ್ಕು ಗುಂಟೆಗೆ ಒಡೆಯನಾದ. ಆ ಪಹಣಿಯನ್ನು ದೇವರ ಪಟದ ಹಿಂದೆ ಇಡುತ್ತಿದ್ದ. ಅದರ ಬೆಲೆ ನನಗೆ ಗೊತ್ತು, ಯಾವ ಚೆಂದದ ಪ್ಯಾರಿಷ್ ಕೊಟ್ಟರೂ ಅದನ್ನು ಬದಲಿಗೆ ಕೊಡಲಾರೆ. ನನ್ನ ನೋವು ಬೇರೆ. ಸ್ವಂತದ್ದನ್ನು ಅಷ್ಟು ಗಟ್ಟಿಯಾಗಿ ಹಿಡಿದ ನಾವು ಎಲ್ಲರದನ್ನು ಯಾಕೆ ಕೈಬಿಟ್ಟೆವು? ನೀರಗಂಟಿಯ ಜಾಗಕ್ಕೆ ಯಾರನ್ನೂ ತರಲಿಲ್ಲ. ಗೂಟ ಹೊಡೆಯುವ ಕೆಲಸವನ್ನು ತಾಲ್ಲೂಕು ಕಚೇರಿಗೆ ಒಪ್ಪಿಸಿ ಕೂತೆವು.

ಅಂದು ಸಂಜೆ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬಹಳ ಹೊತ್ತು ಕೇಳಿಸಿಕೊಂಡರು.

"ದಂಡ ಹಾಕಿಸ್ಕೊಂಡೋನೂ ಅವರ ಜೊತೆಗೇ ಊಟಕ್ಕೆ ಕೂತ್ಕೋತಾನಾ?"

"ಹೂಂ ಅಪ್ಪ. ಮುಂದಿನ ವರ್ಷ ಅವನೇ ಜ್ಯೂರಿಲಿ ಇದ್ರೂ ಇರಬಹುದು."

"ಹಂಗಾದ್ರೆ ಆಗುತ್ತೆ ಕಣಪ್ಪ," ಅಂದರು.

ಕಂದಾಯ ಇಲಾಖೆಯ ಜಾಲತಾಣದಿಂದ ನಮ್ಮ ಗ್ರಾಮ ನಕಾಶೆ ಇಳಿಸಿ ದೊಡ್ಡ ಹಾಳೆಯಲ್ಲಿ ಮುದ್ರಿಸಿಕೊಂಡಿದ್ದೇನೆ. ಬಂಡಿದಾರಿ ಅದರಲ್ಲಿ ನಿಚ್ಚಳವಾಗಿದೆ. ಜನವರಿಯಲ್ಲಿ ರಾಗಿ ಕಣ ಮುಗಿಯುವ ಹೊತ್ತಿಗೆ ಊರಿಗೆ ಹೋಗುತ್ತಿದ್ದೇನೆ. ದಾರಿಯಲ್ಲಿ ತೆಂಗಿನ ಸಸಿ ನೆಟ್ಟವರ ಮನೆಗೇ ಮೊದಲು ಹೋಗಿ, ಅವರನ್ನೂ ಜೊತೆಗೆ ಕರೆದುಕೊಂಡು ದಾರಿ ನಡೆಯೋಣ ಎಂದು ಅಪ್ಪ ಹೇಳಿದ್ದಾರೆ.